ಡಿಜಿಟಲ್ ಮಿಕ್ಸರ್‌ಗಳ ಮಲ್ಟಿಟ್ರ್ಯಾಕ್ ಧ್ವನಿಮುದ್ರಣ: ಶೇಖರಣಾ ಡ್ರೈವ್‌ಗಳು

ಡಿಜಿಟಲ್ ಮಿಕ್ಸರಿಗೆ ಬರುವ ಪ್ರತಿಯೊಂದು ಮೈಕಿನ ಮತ್ತು ವಾದ್ಯದ ಧ್ವನಿಯನ್ನು, ಕಾರ್ಯಕ್ರಮ ನಡೆಯುತ್ತಿರುವಾಗಲೇ, ಪ್ರತ್ಯೇಕ ಟ್ರ್ಯಾಕ್‌ಗಳಾಗಿ ಬರೆದಿಟ್ಟುಕೊಳ್ಳುವ ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ, ಪೆನ್‌ಡ್ರೈವ್, ಎಸ್‌ಡಿ ಕಾರ್ಡ್ ಮೊದಲಾದವನ್ನು ಮಲ್ಟಿಟ್ರ್ಯಾಕ್ ಶೇಖರಣಾ ಡ್ರೈವ್‌ಗಳು ಎನ್ನುತ್ತಾರೆ. ರಂಗದ ಮೇಲಿನ ಕಾರ್ಯಕ್ರಮಕ್ಕೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಇಂಥ ಡ್ರೈವಿನ ಮುಖ್ಯ ಗುಣ ಅದರ ಗರಿಷ್ಠ ವೇಗವೂ ಅಲ್ಲ, ಸಾಮರ್ಥ್ಯವೂ ಅಲ್ಲ. ಮುದ್ರಣ ಆರಂಭವಾದ ಕ್ಷಣದಿಂದ ಮುಗಿಯುವವರೆಗೆ ಎಲ್ಲಿಯೂ ನಿಲ್ಲದೆ ಒಂದೇ ಸಮನೆ ಬರೆಯುತ್ತ ಹೋಗುವ ಶಕ್ತಿ.

ಮುಂಬಯಿ ಮಹಾನಗರ ವಲಯದ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿ ನಗರಗಳಲ್ಲಿ ಮರಾಠಿ ನಾಟಕ ಮತ್ತು ಸಂಗೀತ, ಗಣೇಶೋತ್ಸವ ಮತ್ತು ನವರಾತ್ರಿಯ ಕಾರ್ಯಕ್ರಮಗಳು, ಕನ್ನಡ ಮತ್ತು ತುಳು ಸಂಘಟನೆಗಳ ಯಕ್ಷಗಾನ, ತಾಳಮದ್ದಳೆ, ಭಜನೆ ಇವೆಲ್ಲ ವರ್ಷವಿಡೀ ನಡೆಯುತ್ತವೆ. ಮಧ್ಯಮ ಬೆಲೆಯ ಡಿಜಿಟಲ್ ಮಿಕ್ಸರ್‌ಗಳು ಬಂದ ಬಳಿಕ ಇಂಥ ಕಾರ್ಯಕ್ರಮಗಳ ಮಲ್ಟಿಟ್ರ್ಯಾಕ್ ಮುದ್ರಣ ಸ್ಟುಡಿಯೋದ ಹಂಗಿಲ್ಲದೆ ಸಾಧ್ಯವಾಗಿದೆ.

ಪಾರಿಭಾಷಿಕ ಪದಗಳು

ಚಾನೆಲ್: ಮಿಕ್ಸರಿನೊಳಗೆ ಒಂದು ಮೈಕ್ ಅಥವಾ ವಾದ್ಯದ ಧ್ವನಿ ಸಾಗುವ ದಾರಿ.

ಟ್ರ್ಯಾಕ್: ಒಂದು ಚಾನೆಲ್ಲಿನ ಧ್ವನಿ ಡ್ರೈವಿನಲ್ಲಿ ದಾಖಲಾದ ರೂಪ. ಎಲ್ಲ ಚಾನೆಲ್‌ಗಳೂ ಬೆರೆತು ಎಡ ಮತ್ತು ಬಲ ಎಂಬ ಎರಡೇ ಟ್ರ್ಯಾಕ್‌ಗಳಾಗಿ ದಾಖಲಾದರೆ ಅದು ಸ್ಟೀರಿಯೋ ಮುದ್ರಣ. ಪ್ರತ್ಯೇಕವಾಗಿ ಉಳಿದರೆ ಮಲ್ಟಿಟ್ರ್ಯಾಕ್ ಮುದ್ರಣ.

ಸ್ಯಾಂಪಲ್ ದರ: ಸೆಕೆಂಡಿಗೆ ಧ್ವನಿಯನ್ನು ಎಷ್ಟು ಬಾರಿ ಅಳೆಯಲಾಗುತ್ತದೆ ಎಂಬ ಸಂಖ್ಯೆ. ರಂಗದ ಮಿಕ್ಸರ್‌ಗಳಲ್ಲಿ ಇದು ಸಾಮಾನ್ಯವಾಗಿ 48 ಅಥವಾ 96 ಕಿಲೋಹರ್ಟ್ಸ್.

ಬಿಟ್ ಆಳ: ಪ್ರತಿ ಅಳತೆಯನ್ನು ಬರೆಯಲು ಬಳಸುವ ಬಿಟ್‌ಗಳ ಸಂಖ್ಯೆ, ಸಾಮಾನ್ಯವಾಗಿ 24, ಕೆಲವು ಯಂತ್ರಗಳಲ್ಲಿ 32.

ಬಫರ್: ಡ್ರೈವ್ ಸಿದ್ಧವಾಗುವವರೆಗೆ ದತ್ತಾಂಶವನ್ನು ಹಿಡಿದಿಡುವ, ಮಿಕ್ಸರಿನೊಳಗಿನ ಚಿಕ್ಕ ತಾತ್ಕಾಲಿಕ ಸ್ಮೃತಿ.

ಬರಹದ ತಡೆ: ಡ್ರೈವ್ ತನ್ನ ಒಳಗೆಲಸಕ್ಕಾಗಿ ಬರೆಯುವುದನ್ನು ಕ್ಷಣಕಾಲ ನಿಲ್ಲಿಸುವುದು. ಈ ತಡೆ ಬಫರ್ ತುಂಬುವ ಅವಧಿಯನ್ನು ಮೀರಿದರೆ ಧ್ವನಿ ತುಂಡಾಗುತ್ತದೆ. ಹೀಗೆ ಕಳೆದುಹೋದ ಭಾಗಕ್ಕೆ ಡ್ರಾಪೌಟ್ ಎಂದು ಹೆಸರು.

ಹುಟ್ಟು ಮತ್ತು ಬೆಳವಣಿಗೆ

ಮಲ್ಟಿಟ್ರ್ಯಾಕ್ ಮುದ್ರಣ ರೂಢಿಗೆ ಬಂದದ್ದು ಕಾಂತೀಯ ಟೇಪಿನ ಮೇಲೆ. ಅಮೆರಿಕದ ಆಂಪೆಕ್ಸ್ ಸಂಸ್ಥೆ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಎಂಟು ಟ್ರ್ಯಾಕ್‌ಗಳ ಯಂತ್ರವೊಂದನ್ನು ಒದಗಿಸಿತು. ಮುಂದೆ ಎರಡು ಇಂಚು ಅಗಲದ ಟೇಪಿನ ಮೇಲೆ 24 ಟ್ರ್ಯಾಕ್‌ಗಳನ್ನು ಬರೆಯುವ ಯಂತ್ರಗಳು ಸ್ಟುಡಿಯೋಗಳಲ್ಲಿ ರೂಢಿಗೆ ಬಂದವು. ಭಾರ ಮತ್ತು ಬೆಲೆಯ ಕಾರಣದಿಂದ ಅವು ಸಣ್ಣ ಊರುಗಳ ರಂಗಮಂದಿರಗಳಿಗೆ ಹೋಗುವಂತಿರಲಿಲ್ಲ.

ಡಿಜಿಟಲ್ ಮುದ್ರಣವನ್ನು ಅಗ್ಗವಾಗಿಸಿದ್ದು ಅಲೆಸಿಸ್ ಸಂಸ್ಥೆಯ ಅಡಾಟ್. 1991ರಲ್ಲಿ ಪ್ರಕಟವಾದ ಈ ಯಂತ್ರ ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಟ್ರ್ಯಾಕ್‌ಗಳನ್ನು ಬರೆಯುತ್ತಿತ್ತು. 1993ರಲ್ಲಿ ಬಂದ ಟ್ಯಾಸ್ಕ್ಯಾಮ್ ಡಿಎ-88 ಹೈ-8 ಕ್ಯಾಸೆಟ್ಟುಗಳನ್ನು ಬಳಸಿತು. 2001ರ ಅಲೆಸಿಸ್ ಎಚ್‌ಡಿ-24 ಟೇಪನ್ನು ಕೈಬಿಟ್ಟು, ಕಂಪ್ಯೂಟರುಗಳಲ್ಲಿ ಬಳಸುವ ಹಾರ್ಡ್‌ಡಿಸ್ಕಿನ ಮೇಲೆಯೇ 24 ಟ್ರ್ಯಾಕ್‌ಗಳನ್ನು ಬರೆಯಿತು. ಸಾಮಾನ್ಯ ಫೈಲ್ ವ್ಯವಸ್ಥೆ ಧ್ವನಿಗೆ ಒಗ್ಗದೆಂದು ಅದರ ತಯಾರಕರು ತಮ್ಮದೇ ಫೈಲ್ ವ್ಯವಸ್ಥೆಯನ್ನು ರೂಪಿಸಿಕೊಂಡಿದ್ದರು.

ಇನ್ನೊಂದು ಕಡೆ ಫ್ಲಾಶ್ ಸ್ಮೃತಿ ಬೆಳೆಯುತ್ತಿತ್ತು. ತೋಶಿಬಾದ ಫುಜಿಯೊ ಮಸುಓಕ 1980ರ ದಶಕದಲ್ಲಿ ಅದನ್ನು ರೂಪಿಸಿದರು. ಎಸ್‌ಡಿ ಕಾರ್ಡ್ 1999ರಲ್ಲೂ ಯುಎಸ್‌ಬಿ ಪೆನ್‌ಡ್ರೈವ್ 2000ದಲ್ಲೂ ಬಂದವು. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡಿನ ಮಾನಕ 2006ರದು. ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡಿನದು 2009ರದು.

ಈ ಎರಡು ಧಾರೆಗಳು ಮಿಕ್ಸರಿನೊಳಗೇ ಸೇರಿದ್ದು 2012ರ ಆಸುಪಾಸಿನಲ್ಲಿ. ಆ ವರ್ಷ ಬಂದ ಬೆಹ್ರಿಂಜರ್ ಎಕ್ಸ್-32 ಡಿಜಿಟಲ್ ಮಿಕ್ಸರಿನ ಬೆಲೆಯನ್ನು ಬಾಡಿಗೆ ಸೌಂಡ್ ವ್ಯವಹಾರದವರ ಕೈಗೆಟಕುವಂತೆ ಮಾಡಿತು. ಆಲನ್ ಅಂಡ್ ಹೀತ್ ಸಂಸ್ಥೆಯ ಕ್ಯೂ ಸರಣಿ ಕಂಪ್ಯೂಟರಿನ ನೆರವಿಲ್ಲದೆ ನೇರವಾಗಿ ಯುಎಸ್‌ಬಿ ಡ್ರೈವಿಗೆ ಮಲ್ಟಿಟ್ರ್ಯಾಕ್ ಬರೆಯುವ ಸೌಲಭ್ಯವನ್ನು ತಂದಿತು. ಆಗಿನಿಂದ ಡ್ರೈವಿನ ಆಯ್ಕೆ ಸ್ಟುಡಿಯೋ ತಂತ್ರಜ್ಞರ ಕೈಯಿಂದ ಮಿಕ್ಸರ್ ನಡೆಸುವವರ ಕೈಗೆ ಬಂತು.

ದತ್ತಾಂಶದ ಪ್ರಮಾಣ

ಸಂಕುಚಿತಗೊಳಿಸದ ಮುದ್ರಣದ ದತ್ತಾಂಶ ದರವನ್ನು ಟ್ರ್ಯಾಕ್‌ಗಳ ಸಂಖ್ಯೆ, ಸ್ಯಾಂಪಲ್ ದರ ಮತ್ತು ಪ್ರತಿ ಸ್ಯಾಂಪಲ್ಲಿನ ಬೈಟ್‌ಗಳನ್ನು ಗುಣಿಸಿ ಪಡೆಯಲಾಗುತ್ತದೆ. 24 ಬಿಟ್ ಎಂದರೆ 3 ಬೈಟ್. ಹೀಗಾಗಿ 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕ್ ಸೆಕೆಂಡಿಗೆ 1,44,000 ಬೈಟ್‌ಗಳನ್ನು, ಗಂಟೆಗೆ ಸುಮಾರು 518 ಎಂಬಿಯನ್ನು ತೆಗೆದುಕೊಳ್ಳುತ್ತದೆ.

| ಮುದ್ರಣದ ರೀತಿ | ಸೆಕೆಂಡಿಗೆ | ಒಂದು ಗಂಟೆಗೆ | ಮೂರು ಗಂಟೆಗೆ |
|---|---|---|---|
| 16 ಟ್ರ್ಯಾಕ್, 48 ಕಿಲೋಹರ್ಟ್ಸ್, 24 ಬಿಟ್ | 2.30 ಎಂಬಿ | 8.3 ಜಿಬಿ | 24.9 ಜಿಬಿ |
| 18 ಟ್ರ್ಯಾಕ್, 48 ಕಿಲೋಹರ್ಟ್ಸ್, 24 ಬಿಟ್ | 2.59 ಎಂಬಿ | 9.3 ಜಿಬಿ | 28.0 ಜಿಬಿ |
| 22 ಟ್ರ್ಯಾಕ್, 48 ಕಿಲೋಹರ್ಟ್ಸ್, 24 ಬಿಟ್ | 3.17 ಎಂಬಿ | 11.4 ಜಿಬಿ | 34.2 ಜಿಬಿ |
| 16 ಟ್ರ್ಯಾಕ್, 96 ಕಿಲೋಹರ್ಟ್ಸ್, 24 ಬಿಟ್ | 4.61 ಎಂಬಿ | 16.6 ಜಿಬಿ | 49.8 ಜಿಬಿ |
| 32 ಟ್ರ್ಯಾಕ್, 48 ಕಿಲೋಹರ್ಟ್ಸ್, 32 ಬಿಟ್ | 6.14 ಎಂಬಿ | 22.1 ಜಿಬಿ | 66.4 ಜಿಬಿ |

ಯುಎಸ್‌ಬಿ 2.0 ಸಂಪರ್ಕ ವಾಸ್ತವದಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿವರೆಗೆ ಸಾಗಿಸಬಲ್ಲದು. ಪಟ್ಟಿಯಲ್ಲಿರುವ ಅತಿ ದೊಡ್ಡ ಮುದ್ರಣಕ್ಕೂ ಅದರ ಸುಮಾರು ಐದರಲ್ಲೊಂದು ಭಾಗ ಸಾಕು. ಆದ್ದರಿಂದ ಸೆಕೆಂಡಿಗೆ 1,000 ಎಂಬಿ ಎಂದು ಡಬ್ಬಿಯ ಮೇಲೆ ಬರೆದಿರುವ ಡ್ರೈವಿನಿಂದ ಈ ಕೆಲಸಕ್ಕೆ ಹೆಚ್ಚಿನ ಲಾಭವೇನೂ ಇಲ್ಲ.

ಬರಹದ ರಚನೆ

ಸರಾಸರಿ ದರ ಇಷ್ಟು ಕಡಿಮೆಯಿದ್ದರೂ ಮುದ್ರಣ ಕೆಡುವುದಕ್ಕೆ ಕಾರಣ ಬರೆಯುವ ರೀತಿ. ಹಲವು ಮಿಕ್ಸರ್‌ಗಳು ಪ್ರತಿ ಟ್ರ್ಯಾಕಿಗೂ ಒಂದೊಂದು ವೇವ್ ಫೈಲನ್ನು ತೆರೆದಿಟ್ಟುಕೊಂಡು, ಎಲ್ಲಕ್ಕೂ ಸರದಿಯಲ್ಲಿ ಚಿಕ್ಕ ಚಿಕ್ಕ ತುಣುಕುಗಳನ್ನು ಬರೆಯುತ್ತವೆ. 18 ಟ್ರ್ಯಾಕ್‌ಗಳಿದ್ದರೆ ಡ್ರೈವ್ 18 ಕಡೆ ಓಡಾಡಬೇಕು. ನಡುನಡುವೆ ಫೈಲ್ ಪಟ್ಟಿಯನ್ನೂ ತಿದ್ದಬೇಕು. ಒಂದೇ ದೊಡ್ಡ ಫೈಲನ್ನು ನಕಲು ಮಾಡುವಾಗ ತೋರುವ ವೇಗ ಇಲ್ಲಿ ಸಿಗುವುದಿಲ್ಲ.

ಮಿಕ್ಸರಿನ ಬಫರ್ ಕಂಪ್ಯೂಟರಿನಷ್ಟು ದೊಡ್ಡದಲ್ಲ. ಉದಾಹರಣೆಗೆ, ಸೆಕೆಂಡಿಗೆ 2.6 ಎಂಬಿ ಬರುತ್ತಿರುವಾಗ 8 ಎಂಬಿಯ ಬಫರ್ ಮೂರು ಸೆಕೆಂಡುಗಳಲ್ಲಿ ತುಂಬುತ್ತದೆ. ಅದಕ್ಕಿಂತ ಉದ್ದದ ಒಂದೇ ಒಂದು ತಡೆ ಬಂದರೂ ಡ್ರಾಪೌಟ್ ಖಚಿತ. ಉಳಿದ ಮೂರು ಗಂಟೆ ಡ್ರೈವ್ ಎಷ್ಟೇ ಚೆನ್ನಾಗಿ ನಡೆದರೂ ಆ ಭಾಗ ಮರಳಿ ಬಾರದು. ಇದರಿಂದಾಗಿ ಡ್ರೈವಿನ ಯೋಗ್ಯತೆಯನ್ನು ಅದರ ಅತಿ ಕೆಟ್ಟ ಕ್ಷಣದಿಂದ ಅಳೆಯಬೇಕಾಗುತ್ತದೆ.

ಫೈಲಿನ ಗಾತ್ರಕ್ಕೂ ಮಿತಿಯಿದೆ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ರೂಪಿಸಿದ ವೇವ್ ವಿನ್ಯಾಸದಲ್ಲಿ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆಯುವುದರಿಂದ ಒಂದು ಫೈಲ್ ಸುಮಾರು 4 ಜಿಬಿ ದಾಟುವಂತಿಲ್ಲ. ಫ್ಯಾಟ್-32 ಫೈಲ್ ವ್ಯವಸ್ಥೆಯ ಮಿತಿಯೂ ಅಷ್ಟೇ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂಟಿ ಟ್ರ್ಯಾಕ್ ಈ ಮಿತಿಯನ್ನು ಮುಟ್ಟಲು 8 ಗಂಟೆ 17 ನಿಮಿಷ ಬೇಕು. 32 ಟ್ರ್ಯಾಕ್‌ಗಳನ್ನು ಒಂದೇ ಫೈಲಿನಲ್ಲಿ ಹೆಣೆದು 32 ಬಿಟ್‌ನಲ್ಲಿ ಬರೆದರೆ 11 ನಿಮಿಷ 39 ಸೆಕೆಂಡಿಗೇ ಮಿತಿ ತಲುಪುತ್ತದೆ. ಆಗ ಯಂತ್ರ ತಾನಾಗಿಯೇ ಮುಂದಿನ ಫೈಲನ್ನು ತೆರೆಯುತ್ತದೆ. ಸಂಕಲನದ ವೇಳೆ ಅವನ್ನು ಸಾಲಾಗಿ ಜೋಡಿಸಬೇಕು.

ಡ್ರೈವ್‌ಗಳ ವಿಧಗಳು

ಹಾರ್ಡ್‌ಡಿಸ್ಕ್: ತಿರುಗುವ ತಟ್ಟೆಯ ಮೇಲೆ ಚಲಿಸುವ ಹೆಡ್ ಬರೆಯುತ್ತದೆ. ಕಡಿಮೆ ಬೆಲೆಗೆ ಹೆಚ್ಚು ಸಾಮರ್ಥ್ಯ ಇದರ ಅನುಕೂಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೆಡ್ ಸರಿಯಲು ಸುಮಾರು 10 ಮಿಲಿಸೆಕೆಂಡು ಬೇಕು. ಕಂಪನ ಇದರ ದೊಡ್ಡ ಶತ್ರು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್, ಡಿಸ್ಕ್‌ಗಳ ಎದುರು ನಿಂತು ಕೂಗಿದರೆ ಅವು ಪ್ರತಿಕ್ರಿಯಿಸುವ ಸಮಯ ಏರುತ್ತದೆಂದು ವಿಡಿಯೋದಲ್ಲಿ ತೋರಿಸಿದರು. ಸಬ್‌ವೂಫರ್ ಪೆಟ್ಟಿಗೆಗಳ ಬಳಿ, ಮರದ ಹಲಗೆಯ ವೇದಿಕೆಯ ಮೇಲೆ ಇಟ್ಟ ಡಿಸ್ಕಿಗೂ ಇದೇ ಅಪಾಯ. ಹೊಸ ಪೋರ್ಟೆಬಲ್ ಡಿಸ್ಕ್‌ಗಳಲ್ಲಿ ಅನೇಕವು ಪಥಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ವಿಧಾನದವು. ಹಳೆಯ ದತ್ತಾಂಶದ ಮೇಲೆ ಬರೆಯುವಾಗ ಇವು ಅಕ್ಕಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕಾಗಿ ದೀರ್ಘ ತಡೆಗಳುಂಟಾಗುತ್ತವೆ. ಪಥಗಳನ್ನು ಬೇರೆಬೇರೆಯಾಗಿಡುವ ಸಿಎಂಆರ್ ಡಿಸ್ಕ್‌ಗಳಿಗೆ ಈ ದೋಷವಿಲ್ಲ.

ಎಸ್‌ಎಸ್‌ಡಿ: ಚಲಿಸುವ ಭಾಗಗಳಿಲ್ಲದ ಫ್ಲಾಶ್ ಡ್ರೈವ್. ಒಳಗಿನ ನಿಯಂತ್ರಕ ಚಿಪ್ ಬಲವಾಗಿರುವುದರಿಂದ ಅನೇಕ ಫೈಲ್‌ಗಳಿಗೆ ಒಟ್ಟಿಗೆ ಬರೆಯುವುದು ಇದಕ್ಕೆ ಸುಲಭ. ಅಗ್ಗದ ಎಸ್‌ಎಸ್‌ಡಿಗಳ ವೇಗ ಸ್ವಲ್ಪ ಹೊತ್ತಿನ ಬಳಿಕ ಇಳಿಯುವುದುಂಟು. ಇಳಿದ ವೇಗವೂ ಧ್ವನಿಮುದ್ರಣದ ಅಗತ್ಯಕ್ಕಿಂತ ಬಹಳ ಹೆಚ್ಚು. ಸವೆತವೂ ಇಲ್ಲಿ ಸಮಸ್ಯೆಯಲ್ಲ. ವಾರಕ್ಕೊಮ್ಮೆ 25 ಜಿಬಿ ಬರೆದರೆ ವರ್ಷಕ್ಕೆ ಆಗುವುದು 1.3 ಟಿಬಿ. 500 ಜಿಬಿಯ ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ 300 ಟಿಬಿ ಬರಹಕ್ಕೆ ತಯಾರಕರ ಖಾತರಿ ಇರುವಂಥವು ಸಿಗುತ್ತವೆ.

ಪೆನ್‌ಡ್ರೈವ್: ಇದರ ಒಳಗೂ ಫ್ಲಾಶ್ ಸ್ಮೃತಿಯೇ ಇದ್ದರೂ ನಿಯಂತ್ರಕ ದುರ್ಬಲ. ಫ್ಲಾಶ್ ಸ್ಮೃತಿಯಲ್ಲಿ ಚಿಕ್ಕ ತುಣುಕನ್ನು ತಿದ್ದಲು ದೊಡ್ಡ ಬ್ಲಾಕನ್ನು ಅಳಿಸಿ ಮತ್ತೆ ಬರೆಯಬೇಕಾಗುವುದರಿಂದ, 16 ಅಥವಾ 18 ಫೈಲ್‌ಗಳ ಸರದಿ ಬರಹದಲ್ಲಿ ಸಾಮಾನ್ಯ ಪೆನ್‌ಡ್ರೈವ್ ಬೇಗ ಏದುಸಿರು ಬಿಡುತ್ತದೆ. ಸ್ಟೀರಿಯೋ ಮುದ್ರಣಕ್ಕೂ ಮಿಕ್ಸರಿನ ಸೀನ್‌ಗಳನ್ನು, ಎಂದರೆ ಅದರ ಹೊಂದಿಕೆಗಳನ್ನು, ಉಳಿಸಿಡಲೂ ಇದು ಸಾಕು. ಒಳಗೆ ಎಸ್‌ಎಸ್‌ಡಿ ನಿಯಂತ್ರಕವನ್ನೇ ಇಟ್ಟು ಪೆನ್‌ಡ್ರೈವ್ ಆಕಾರದಲ್ಲಿ ಮಾರುವ ಡ್ರೈವ್‌ಗಳನ್ನು ಎಸ್‌ಎಸ್‌ಡಿ ಎಂದೇ ಪರಿಗಣಿಸಬಹುದು.

ಎಸ್‌ಡಿ ಕಾರ್ಡ್: ಈ ಕಾರ್ಡ್‌ಗಳಿಗೆ ಕನಿಷ್ಠ ಬರಹ ವೇಗದ ಅಧಿಕೃತ ವರ್ಗೀಕರಣವಿದೆ. ಕ್ಲಾಸ್-10, ಯು-1 ಮತ್ತು ವಿ-10 ಗುರುತುಗಳು ಸೆಕೆಂಡಿಗೆ 10 ಎಂಬಿಯನ್ನೂ ಯು-3 ಮತ್ತು ವಿ-30 ಗುರುತುಗಳು 30 ಎಂಬಿಯನ್ನೂ ಸೂಚಿಸುತ್ತವೆ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ 100, 170 ಎಂಬ ಅಂಕಿಗಳು ಸಾಮಾನ್ಯವಾಗಿ ಓದುವ ವೇಗದವು; ಮುದ್ರಣಕ್ಕೆ ನೋಡಬೇಕಾದದ್ದು ವರ್ಗದ ಗುರುತು. ದೊಡ್ಡ ಕಾರ್ಡಿಗೆ ಬದಲಾಗಿ ಅಡಾಪ್ಟರ್ ಹಾಕಿದ ಮೈಕ್ರೋ ಎಸ್‌ಡಿಯನ್ನು ಬಳಸಿದರೆ ಸಂಪರ್ಕ ಸಡಿಲವಾಗುವ ಇನ್ನೊಂದು ಜಾಗವನ್ನು ಸೇರಿಸಿದಂತೆ.

ಲ್ಯಾಪ್‌ಟಾಪಿನ ಒಳಡ್ರೈವ್: ಮಿಕ್ಸರನ್ನು ಯುಎಸ್‌ಬಿ ಅಥವಾ ಡಾಂಟೆ ಎಂಬ ಧ್ವನಿ ಸಾಗಿಸುವ ಜಾಲದ ಮೂಲಕ ಕಂಪ್ಯೂಟರಿಗೆ ಜೋಡಿಸಿ, ರೀಪರ್ ಅಥವಾ ನ್ಯೂಯೆಂಡೋ ಲೈವ್‌ನಂಥ ತಂತ್ರಾಂಶದಿಂದ ಮುದ್ರಿಸುವ ಕ್ರಮ. ಬಫರ್ ದೊಡ್ಡದು, ಫೈಲ್ ಮಿತಿಗಳು ಕಡಿಮೆ. ಆದರೆ ತಂತ್ರಾಂಶದ ಅಪ್‌ಡೇಟ್, ನಿದ್ರಾಸ್ಥಿತಿ, ಸಡಿಲ ಕೇಬಲ್ ಎಂಬ ಬೇರೆ ಅಪಾಯಗಳಿವೆ.

ಮಿಕ್ಸರ್‌ಗಳಲ್ಲಿನ ವ್ಯವಸ್ಥೆಗಳು

ಒಂದು ಮಿಕ್ಸರಿಗೆ ಒಗ್ಗಿದ ಡ್ರೈವ್ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಆಲನ್ ಅಂಡ್ ಹೀತ್ ಕ್ಯೂ ಸರಣಿಯ ಮೊದಲ ಪೀಳಿಗೆಯ ಮಿಕ್ಸರ್‌ಗಳು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ 18 ಟ್ರ್ಯಾಕ್‌ಗಳನ್ನು ನೇರವಾಗಿ ಯುಎಸ್‌ಬಿ ಡ್ರೈವಿಗೆ ಬರೆಯುತ್ತವೆ. ಬಳಸುವ ಮೊದಲು ಡ್ರೈವನ್ನು ಮಿಕ್ಸರಿನಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. 2017ರ ಎಸ್‌ಕ್ಯೂ ಸರಣಿ 96 ಕಿಲೋಹರ್ಟ್ಸ್‌ನಲ್ಲಿ 16 ಟ್ರ್ಯಾಕ್‌ಗಳನ್ನು ಬರೆಯಬಲ್ಲದು. ಸೌಂಡ್‌ಕ್ರಾಫ್ಟ್ ಯುಐ-24ಆರ್ ಯುಎಸ್‌ಬಿ ಡ್ರೈವಿಗೆ 22 ಟ್ರ್ಯಾಕ್‌ಗಳನ್ನು ಬರೆಯುತ್ತದೆ.

ಬೆಹ್ರಿಂಜರ್ ಎಕ್ಸ್-32 ಮಿಕ್ಸರಿನ ಮೇಲ್ಭಾಗದಲ್ಲಿರುವ ಯುಎಸ್‌ಬಿ ಕಿಂಡಿಯಿಂದ ಆಗುವುದು ಸ್ಟೀರಿಯೋ ಮುದ್ರಣ ಮಾತ್ರ. ಮಲ್ಟಿಟ್ರ್ಯಾಕ್ ಬೇಕಾದರೆ ಹಿಂಬದಿಯ ವಿಸ್ತರಣಾ ಕಾರ್ಡ್ ಬೇಕು: ಎಕ್ಸ್-ಯುಎಸ್‌ಬಿ ಕಾರ್ಡ್ 32 ಟ್ರ್ಯಾಕ್‌ಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ, ಎಕ್ಸ್-ಲೈವ್ ಕಾರ್ಡ್ ಅವನ್ನು ಎರಡು ಎಸ್‌ಡಿ ಕಾರ್ಡ್‌ಗಳ ಮೇಲೆ ಒಂದಾದ ಮೇಲೊಂದರಂತೆ ಬರೆಯುತ್ತದೆ. ತಲಾ 32 ಜಿಬಿಯ ಎರಡು ಕಾರ್ಡ್‌ಗಳಲ್ಲಿ 32 ಟ್ರ್ಯಾಕ್‌ಗಳು ಸುಮಾರು 2 ಗಂಟೆ 53 ನಿಮಿಷ ಹಿಡಿಯುತ್ತವೆ. ವಿದ್ಯುತ್ ಕಡಿದರೆ ಫೈಲನ್ನು ಸರಿಯಾಗಿ ಮುಚ್ಚಲು ಎಕ್ಸ್-ಲೈವ್‌ನಲ್ಲಿ ಸಿಆರ್-123ಎ ಬ್ಯಾಟರಿಗೆ ಜಾಗವಿದೆ. ಮಿಡಾಸ್ ಎಂ-32 ಲೈವ್ ಮಿಕ್ಸರಿನಲ್ಲಿಯೂ ಇದೇ ಬಗೆಯ ವ್ಯವಸ್ಥೆ ಇದೆ. ಬೆಹ್ರಿಂಜರ್ ವಿಂಗ್, ಪ್ರಿಸೋನಸ್ ಸ್ಟುಡಿಯೋಲೈವ್ ಮೂರನೆಯ ಸರಣಿ, ಝೂಮ್ ಲೈವ್‌ಟ್ರ್ಯಾಕ್ ಮತ್ತು ಟ್ಯಾಸ್ಕ್ಯಾಮ್ ಮಾಡೆಲ್-24 ಎಸ್‌ಡಿ ಕಾರ್ಡಿಗೆ ಬರೆಯುವ ಇತರ ಯಂತ್ರಗಳು.

ಯಮಹಾದ ಟಿಎಫ್ ಸರಣಿ ಯುಎಸ್‌ಬಿ ಮೂಲಕ 34 ಟ್ರ್ಯಾಕ್‌ಗಳನ್ನು ಕಂಪ್ಯೂಟರಿಗೆ ಕೊಡುತ್ತದೆ; ಪೆನ್‌ಡ್ರೈವಿಗೆ ಎರಡು ಟ್ರ್ಯಾಕ್ ಮಾತ್ರ. ಸಿಎಲ್ ಮತ್ತು ಕ್ಯೂಎಲ್ ಸರಣಿಗಳಲ್ಲಿ ಮಲ್ಟಿಟ್ರ್ಯಾಕ್ ಮುದ್ರಣ ನಡೆಯುವುದು ಡಾಂಟೆ ಜಾಲದ ಮೂಲಕ.

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಯಲ್ಲಿ ಬಳಕೆ

ಈ ನಗರಗಳ ಮುಖ್ಯ ರಂಗಮಂದಿರಗಳೆಂದರೆ ಥಾಣೆಯ ರಾಮ ಗಣೇಶ ಗಡ್ಕರಿ ರಂಗಾಯತನ ಮತ್ತು ಡಾ. ಕಾಶೀನಾಥ ಘಾಣೇಕರ್ ನಾಟ್ಯಗೃಹ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣಿನ ಆಚಾರ್ಯ ಅತ್ರೆ ರಂಗಮಂದಿರ ಹಾಗೂ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ. ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ಡಿಸೆಂಬರಿನಲ್ಲಿ ಯು-2 ತಂಡದ ಮತ್ತು 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಗಳು ನಡೆದಿವೆ. ಡೊಂಬಿವಲಿ ಕರ್ನಾಟಕ ಸಂಘ ಮತ್ತು ಅದರ ಮಂಜುನಾಥ ವಿದ್ಯಾಲಯ, ಘನ್ಸೋಲಿಯ ಮೂಕಾಂಬಿಕಾ ದೇವಸ್ಥಾನ, ನೆರೂಲಿನ ಶನೀಶ್ವರ ಮಂದಿರ ಮೊದಲಾದವು ಈ ಭಾಗದ ಕನ್ನಡಿಗರ ಸಾಂಸ್ಕೃತಿಕ ಚಟುವಟಿಕೆಯ ನೆಲೆಗಳು.

ಕಾರ್ಯಕ್ರಮದ ಪ್ರಕಾರಕ್ಕೆ ತಕ್ಕಂತೆ ಟ್ರ್ಯಾಕ್‌ಗಳ ಸಂಖ್ಯೆ ಬದಲಾಗುತ್ತದೆ. ಯಕ್ಷಗಾನದಲ್ಲಿ ಭಾಗವತರಿಗೆ ಒಂದು, ಮದ್ದಳೆಯ ಎರಡು ಮುಖಗಳಿಗೆ ಎರಡು, ಚೆಂಡೆಗೆ ಒಂದು ಅಥವಾ ಎರಡು, ಶ್ರುತಿ ಮತ್ತು ಚಕ್ರತಾಳಕ್ಕೆ ಒಂದೊಂದು, ವೇಷಧಾರಿಗಳ ಮಾತಿಗೆ ರಂಗದ ಮೇಲೆ ಮೂರು ನಾಲ್ಕು ಮೈಕ್ ಇಟ್ಟರೆ 9ರಿಂದ 11 ಟ್ರ್ಯಾಕ್‌ಗಳಾಗುತ್ತವೆ. ತಾಳಮದ್ದಳೆಯಲ್ಲಿ ಪ್ರತಿ ಅರ್ಥಧಾರಿಗೂ ಒಂದು ಮೈಕ್ ಸೇರುತ್ತದೆ. ತಬಲಾ, ಕೊಳಲು, ಕೀಬೋರ್ಡ್, ರಿದಂ ಪ್ಯಾಡ್, ಸಹಗಾಯಕರು ಇರುವ ಸುಗಮ ಸಂಗೀತಕ್ಕೆ 16 ಟ್ರ್ಯಾಕ್ ಬೇಕಾಗುತ್ತದೆ. ಚೆಂಡೆಯ ಪೆಟ್ಟಿನಲ್ಲಿ ಮುಳುಗಿದ ಮಾತನ್ನು ಬಳಿಕ ಮೇಲೆತ್ತಲು ಬರುವುದು ಮಲ್ಟಿಟ್ರ್ಯಾಕ್ ಮುದ್ರಣದ ಮುಖ್ಯ ಪ್ರಯೋಜನ.

ಅವಧಿಯೂ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಹೀಗಾಗಿ ನಗರಗಳಲ್ಲಿ ಮೂರು ಗಂಟೆಯ ಆಸುಪಾಸಿನ ಕಾಲಮಿತಿ ಯಕ್ಷಗಾನವೇ ಹೆಚ್ಚು. ಅದಕ್ಕೆ 18 ಟ್ರ್ಯಾಕ್‌ಗಳಲ್ಲಿ 28 ಜಿಬಿ ಸಾಕು. ಎಂಟು ಗಂಟೆಯ ಇಡೀ ರಾತ್ರಿಯ ಆಟವಾದರೆ ಸುಮಾರು 75 ಜಿಬಿ ಬೇಕು.

ಹವಾಮಾನ ಇಲ್ಲಿನ ಇನ್ನೊಂದು ಅಂಶ. ಸಮುದ್ರದ ಖಾರಿಗಳಿಗೆ ಹತ್ತಿರವಿರುವ ಈ ಪ್ರದೇಶದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಕಲಾವಿದರು ಮುಂಬಯಿಗೆ ಬಂದು ಆಟ ಆಡುವುದೂ, ಗಣೇಶೋತ್ಸವ ಬರುವುದೂ ಇದೇ ಮಳೆಗಾಲದಲ್ಲಿ. ಹವಾನಿಯಂತ್ರಿತ ಸಭಾಂಗಣದಿಂದ ಹೊರಗೆ ತಂದ ತಣ್ಣನೆಯ ಡ್ರೈವಿನ ಮೇಲೆ ಹನಿಗಟ್ಟುತ್ತದೆ. ಉಪ್ಪಿನಂಶದ ತೇವ ಯುಎಸ್‌ಬಿ ಕಿಂಡಿಯ ಸಂಪರ್ಕಗಳನ್ನು ಕಿಲುಬುಗಟ್ಟಿಸುತ್ತದೆ. ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಡ್ರೈವ್‌ಗಳನ್ನು ಒಯ್ಯುವುದು ಇದಕ್ಕೆ ಪರಿಹಾರ.

ಬಯಲು ಮಂಟಪಗಳಲ್ಲಿ ವಿದ್ಯುತ್ ಜಾಲದಿಂದ ಜನರೇಟರಿಗೆ ಬದಲಾಗುವ ಕ್ಷಣ ಇನ್ನೊಂದು ಅಪಾಯದ ಘಟ್ಟ. ಮುದ್ರಣ ನಿಲ್ಲಿಸುವ ಮೊದಲೇ ವಿದ್ಯುತ್ ಹೋದರೆ ಫೈಲ್ ಪಟ್ಟಿಯಲ್ಲಿ ಗಾತ್ರ ದಾಖಲಾಗದೆ, ದತ್ತಾಂಶ ಡ್ರೈವಿನಲ್ಲಿದ್ದೂ ಫೈಲ್ ಖಾಲಿಯಾಗಿ ಕಾಣಬಹುದು. ಮಿಕ್ಸರಿಗೂ ಡ್ರೈವಿಗೂ ಯುಪಿಎಸ್ ಒದಗಿಸುವುದರಿಂದ ಇದನ್ನು ತಪ್ಪಿಸಬಹುದು.

ಆಯ್ಕೆಯ ಮಾನದಂಡಗಳು

ಹೊಂದಾಣಿಕೆ: ಮಿಕ್ಸರ್ ತಯಾರಕರು ಹೇಳಿರುವ ಡ್ರೈವಿನ ಬಗೆ, ಗರಿಷ್ಠ ಸಾಮರ್ಥ್ಯ ಮತ್ತು ಫೈಲ್ ವ್ಯವಸ್ಥೆಯೇ ಮೊದಲ ಆಧಾರ. ಅನೇಕ ಮಿಕ್ಸರ್‌ಗಳು ಫ್ಯಾಟ್-32 ಮಾತ್ರ ಓದುತ್ತವೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿರುವ ಹೊಸ ಡ್ರೈವನ್ನು ಗುರುತಿಸುವುದೇ ಇಲ್ಲ.

ವಿದ್ಯುತ್ ಬಳಕೆ: ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್. ಪೋರ್ಟೆಬಲ್ ಹಾರ್ಡ್‌ಡಿಸ್ಕ್ ತಿರುಗಲು ಆರಂಭಿಸುವಾಗ ಇದರ ಎರಡರಷ್ಟನ್ನು ಎಳೆಯಬಹುದು. ಆಗ ಪ್ರತ್ಯೇಕ ವಿದ್ಯುತ್ ಇರುವ ಡಿಸ್ಕ್ ಅಥವಾ ಕಡಿಮೆ ವಿದ್ಯುತ್ತಿನ ಎಸ್‌ಎಸ್‌ಡಿ ಬೇಕು.

ಸಾಮರ್ಥ್ಯ: ನಿರೀಕ್ಷಿತ ಅವಧಿಯ ಎರಡರಷ್ಟಕ್ಕೆ ಸಾಲುವಷ್ಟು ಇದ್ದರೆ ಸಾಕು. 16ರಿಂದ 22 ಟ್ರ್ಯಾಕ್‌ಗಳ ಮೂರು ಗಂಟೆಯ ಕಾರ್ಯಕ್ರಮಕ್ಕೆ 128 ಜಿಬಿ ಧಾರಾಳ.

ಒಳ ತಂತ್ರಾಂಶ: ಗುಪ್ತಪದ ಕೇಳುವ ಅಥವಾ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ತಾನಾಗಿ ಮಲಗುವ ಡ್ರೈವ್‌ಗಳು ಮಿಕ್ಸರಿಗೆ ಹೊಂದುವುದಿಲ್ಲ. ಆ ಸೌಲಭ್ಯವನ್ನು ಕಂಪ್ಯೂಟರಿನಲ್ಲಿ ಮೊದಲೇ ತೆಗೆದುಹಾಕಬೇಕು.

ಜೋಡಣೆ: ಮಿಕ್ಸರಿನಿಂದ ಹೊರಚಾಚಿದ ಪೆನ್‌ಡ್ರೈವ್ ಕೈತಾಗಿ ಮುರಿಯುವುದುಂಟು. ಚಿಕ್ಕ ಕೇಬಲ್ಲಿನ ತುದಿಯಲ್ಲಿರುವ ಎಸ್‌ಎಸ್‌ಡಿಯನ್ನು ಅಂಟುಪಟ್ಟಿಯಿಂದ ಬಿಗಿದಿಡುವುದು ಸುರಕ್ಷಿತ.

ಈ ಮಾನದಂಡಗಳ ಪ್ರಕಾರ, ನೇರ ಯುಎಸ್‌ಬಿ ಮುದ್ರಣದ ಮಿಕ್ಸರ್‌ಗಳಿಗೆ ಗುಪ್ತಪದವಿಲ್ಲದ ಸಣ್ಣ ಎಸ್‌ಎಸ್‌ಡಿ, ಎಸ್‌ಡಿ ಆಧಾರಿತ ಯಂತ್ರಗಳಿಗೆ ಯು-3 ಅಥವಾ ವಿ-30 ಗುರುತಿನ ಪೂರ್ಣ ಗಾತ್ರದ ಕಾರ್ಡ್ ಸೂಕ್ತ. ಹಾರ್ಡ್‌ಡಿಸ್ಕ್ ಮುಖ್ಯವಾಗಿ ಪ್ರತಿ ಇಡಲು ಒದಗುತ್ತದೆ.

ಪರೀಕ್ಷೆ ಮತ್ತು ನಿರ್ವಹಣೆ

ಮಾರುಕಟ್ಟೆಯಲ್ಲಿ ಹೆಸರಾಂತ ಬ್ರಾಂಡ್‌ಗಳ ನಕಲಿ ಕಾರ್ಡ್ ಮತ್ತು ಪೆನ್‌ಡ್ರೈವ್‌ಗಳೂ ಇರುತ್ತವೆ. ಕೆಲವು 8 ಜಿಬಿ ಇದ್ದು 64 ಜಿಬಿ ಎಂದು ತೋರಿಸುತ್ತವೆ. ನಿಜವಾದ ಸಾಮರ್ಥ್ಯ ದಾಟಿದ ಮೇಲೆ ಬರೆದದ್ದು ಕಳೆದುಹೋಗುತ್ತದೆ. ಡ್ರೈವ್ ಪೂರ್ತಿ ತುಂಬುವಂತೆ ಬರೆದು ಮತ್ತೆ ಓದಿ ತಾಳೆ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳಿಂದ ಇದನ್ನು ಪತ್ತೆಹಚ್ಚಬಹುದು.

ಅಂತಿಮ ಪರೀಕ್ಷೆ ನಡೆಯಬೇಕಾದದ್ದು ಮಿಕ್ಸರಿನಲ್ಲಿಯೇ. ಡ್ರೈವನ್ನು ಅಲ್ಲಿಯೇ ಫಾರ್ಮ್ಯಾಟ್ ಮಾಡಿ, ಎಲ್ಲ ಟ್ರ್ಯಾಕ್‌ಗಳನ್ನೂ ಆನ್ ಮಾಡಿ, ಕಾರ್ಯಕ್ರಮದ ಪೂರ್ಣ ಅವಧಿಯಷ್ಟು ಮುದ್ರಿಸಬೇಕು. ಪ್ರತಿ ಟ್ರ್ಯಾಕಿಗೂ ನಿಲ್ಲದ ಒಂದೇ ಸ್ವರವನ್ನು ಕೊಟ್ಟರೆ ನಡುವಿನ ಡ್ರಾಪೌಟ್‌ಗಳು ತರಂಗಚಿತ್ರದಲ್ಲಿ ಸುಲಭವಾಗಿ ಕಾಣುತ್ತವೆ. ಹತ್ತು ನಿಮಿಷದ ಪರೀಕ್ಷೆ ಸಾಲದು. ಫ್ಲಾಶ್ ಡ್ರೈವಿನ ಒಳಗೆಲಸದ ತಡೆಗಳು ಹೆಚ್ಚಾಗುವುದು ಡ್ರೈವ್ ತುಂಬುತ್ತ ಬಂದಾಗ.

ಪ್ರತಿ ಕಾರ್ಯಕ್ರಮಕ್ಕೆ ಮೊದಲು ಹಳೆಯ ಮುದ್ರಣಗಳ ಪ್ರತಿ ತೆಗೆದು ಮತ್ತೆ ಫಾರ್ಮ್ಯಾಟ್ ಮಾಡುವುದು, ಮುದ್ರಣದ ಡ್ರೈವನ್ನು ಸಿನಿಮಾ ಅಥವಾ ಫೋಟೋಗಳಿಗೆ ಬಳಸದಿರುವುದು, ಮಿಕ್ಸರಿನಲ್ಲಿ ಮುದ್ರಣ ನಿಲ್ಲಿಸಿದ ಮೇಲೆಯೇ ಡ್ರೈವ್ ತೆಗೆಯುವುದು ನಿರ್ವಹಣೆಯ ಮೂಲ ನಿಯಮಗಳು. ಜೊತೆಗೆ ಎರಡು ಟ್ರ್ಯಾಕ್‌ಗಳ ಸ್ಟೀರಿಯೋ ಮುದ್ರಣವನ್ನು ಬೇರೆಯೇ ರೆಕಾರ್ಡರಿನಲ್ಲಿ ನಡೆಸಿದರೆ ಮಲ್ಟಿಟ್ರ್ಯಾಕ್ ಕೆಟ್ಟರೂ ಕಾರ್ಯಕ್ರಮ ಉಳಿಯುತ್ತದೆ.

ಸಂರಕ್ಷಣೆ ಮತ್ತು ಹಕ್ಕುಗಳು

ಮುದ್ರಿಸಿದ ಡ್ರೈವೇ ದಾಖಲೆಯ ಏಕೈಕ ಪ್ರತಿಯಾಗಿ ಉಳಿಯಬಾರದು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರ. ಫ್ಲಾಶ್ ಸ್ಮೃತಿ ದೀರ್ಘಕಾಲದ ಸಂಗ್ರಹಕ್ಕೆ ತಕ್ಕುದಲ್ಲ. ಜೆಡೆಕ್ ಎಂಬ ಮಾನಕ ಸಂಸ್ಥೆಯ ಪ್ರಕಾರ, ಬರಹದ ಆಯುಷ್ಯ ಮುಗಿದ ಗೃಹಬಳಕೆಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ದತ್ತಾಂಶವನ್ನು ಹಿಡಿದಿಡಬೇಕಾದ ಅವಧಿ ಒಂದು ವರ್ಷ. ಉಷ್ಣತೆ ಹೆಚ್ಚಿದಷ್ಟೂ ಅದು ಕಡಿಮೆಯಾಗುತ್ತದೆ. ಸಂಗ್ರಹಕ್ಕೆ ಹಾರ್ಡ್‌ಡಿಸ್ಕ್ ಮತ್ತು ಕ್ಲೌಡ್ ಎರಡನ್ನೂ ಬಳಸಬಹುದು. 25 ಜಿಬಿಯ ಮುದ್ರಣವನ್ನು ಸೆಕೆಂಡಿಗೆ 50 ಮೆಗಾಬಿಟ್ ಕಳಿಸಬಲ್ಲ ಸಂಪರ್ಕದಲ್ಲಿ ಕ್ಲೌಡಿಗೆ ಏರಿಸಲು ಒಂದು ಗಂಟೆ ಏಳು ನಿಮಿಷ ಹಿಡಿಯುತ್ತದೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಸೆಕ್ಷನ್ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. ಮುದ್ರಿಸಿ ಹಂಚಲು ಅವರ ಒಪ್ಪಿಗೆ ಬೇಕು. ಪ್ರತಿ ಕಲಾವಿದರ ಧ್ವನಿಯೂ ಪ್ರತ್ಯೇಕ ಟ್ರ್ಯಾಕಿನಲ್ಲಿರುವ ಮಲ್ಟಿಟ್ರ್ಯಾಕ್ ಫೈಲ್‌ಗಳು ಯಾರ ವಶದಲ್ಲಿರುತ್ತವೆ ಎಂಬುದನ್ನು ಸಂಘಟಕರು ಮೊದಲೇ ನಿರ್ಧರಿಸಬೇಕಾಗುತ್ತದೆ.

ಈಗಿನ ಸ್ಥಿತಿ

ಮಿಕ್ಸರಿನೊಳಗಿನ ಮುದ್ರಣ ವ್ಯವಸ್ಥೆ ಈಗ ದುಬಾರಿ ಯಂತ್ರಗಳಿಗಷ್ಟೇ ಸೀಮಿತವಾಗಿಲ್ಲ. ಎಸ್‌ಡಿ ಕಾರ್ಡ್ ಆಧಾರಿತ ವ್ಯವಸ್ಥೆಗಳು ಚಿಕ್ಕ ಮಿಕ್ಸರ್‌ಗಳಿಗೂ ಬಂದಿವೆ. ವಿಂಗ್‌ನಂಥವು ಎರಡು ಕಾರ್ಡ್‌ಗಳಲ್ಲಿ ಒಟ್ಟು 64 ಟ್ರ್ಯಾಕ್‌ಗಳನ್ನು ಬರೆಯುತ್ತವೆ. ದೊಡ್ಡ ಕಾರ್ಯಕ್ರಮಗಳಲ್ಲಿ 64 ಟ್ರ್ಯಾಕ್‌ಗಳನ್ನು ಎಸ್‌ಎಸ್‌ಡಿಗೆ ಬರೆಯುವ ಟ್ಯಾಸ್ಕ್ಯಾಮ್ ಡಿಎ-6400ರಂಥ ಪ್ರತ್ಯೇಕ ರೆಕಾರ್ಡರ್‌ಗಳೂ ಡಾಂಟೆ ಜಾಲದ ಲ್ಯಾಪ್‌ಟಾಪ್‌ಗಳೂ ಬಳಕೆಯಲ್ಲಿವೆ. 96 ಕಿಲೋಹರ್ಟ್ಸ್‌ನ ಮಿಕ್ಸರ್‌ಗಳು ಹೆಚ್ಚುತ್ತಿರುವುದರಿಂದ ದತ್ತಾಂಶದ ಪ್ರಮಾಣ ಇಮ್ಮಡಿಯಾಗುತ್ತಿದೆ. ಆದರೂ 96 ಕಿಲೋಹರ್ಟ್ಸ್, 24 ಬಿಟ್‌ನ 32 ಟ್ರ್ಯಾಕ್‌ಗಳಿಗೆ ಬೇಕಾದದ್ದು ಸೆಕೆಂಡಿಗೆ 9.2 ಎಂಬಿ ಮಾತ್ರ. ಎಸ್‌ಎಸ್‌ಡಿಗಳು ಅಗ್ಗವಾದಂತೆ ಹಾರ್ಡ್‌ಡಿಸ್ಕ್ ರಂಗದ ಬದಿಯಿಂದ ಸಂಗ್ರಹದ ಕಪಾಟಿಗೆ ಸರಿದಿದೆ. ಹಳೆಯ ಮಿಕ್ಸರ್‌ಗಳು ಇನ್ನೂ ಬಾಡಿಗೆಯಲ್ಲಿ ಓಡುತ್ತಿರುವುದರಿಂದ ಫ್ಯಾಟ್-32, 32 ಜಿಬಿ ಕಾರ್ಡ್ ಮತ್ತು ಯುಎಸ್‌ಬಿ 2.0ರ ಮಿತಿಗಳು ಈ ನಗರಗಳ ಸೌಂಡ್ ವ್ಯವಹಾರದಲ್ಲಿ ಕೆಲವು ವರ್ಷ ಮುಂದುವರಿಯಲಿವೆ.